ಒಂದು ಸೇರು ತೌಡು

ಸಿದ್ದಾಪುರದಿಂದ ವಿರಾಜಪೇಟೆಗೆ ಹೋಗುವ ಬೆಳಗಿನ ಬಸ್ಸಿಗೆ ನಾನು ಹತ್ತಿದ ಕೂಡಲೇ ಕಂಡಕ್ಟರು, "ಆಫ್ರಿಕಾದಮ್ಮಂಗೆ ಸ್ವಲ್ಪ ಜಾಗ ಬಿಡಿ" ಎಂದು ಕೂಗುತ್ತಿದ್ದರು. ಇಡೀ ಬಸ್ಸು ತಿರುಗಿ ನೋಡುತ್ತಿತ್ತು. ಅವರ ಮಟ್ಟಿಗೆ ಅದು ಮರ್ಯಾದೆ. ನನಗೆ ಮಾತ್ರ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತಿತ್ತು. ನಾನು ಹುಟ್ಟಿದ್ದು ಶಿರಂಗಾಲದಲ್ಲಿ. ಹದಿನೆಂಟು ವರ್ಷ ಅಲ್ಲಿಯ ರಾಗಿಮುದ್ದೆ ತಿಂದು ಬೆಳೆದವಳು. ನಡುವೆ ಹತ್ತು ವರ್ಷ ಟಾಂಗನೀಕಾದಲ್ಲಿ ಇದ್ದು ಬಂದೆನೆಂಬ ಒಂದೇ ಕಾರಣಕ್ಕೆ ಸ್ವಂತ ಸೀಮೆಯಲ್ಲೇ ಹೊರಗಿನವಳಾಗಿಬಿಟ್ಟಿದ್ದೆ.

ಹೋದದ್ದೇನೂ ಸಾಹಸಕ್ಕಲ್ಲ. ನಮ್ಮವರು ಸಿದ್ದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು. ಆಳುಗಳ ಹಾಜರಿ ಬರೆಯುವುದು, ಆ ಆಳುಗಳು ಸಾಲಾಗಿ ವಾಸಿಸುವ ಲೈನ್ ಮನೆಗಳ ತಕರಾರು ಕೇಳುವುದು ಅವರ ಕೆಲಸ. ಅಲ್ಲಿಯ ದೊರೆ ತೋಟ ಮಾರಿ, ಆಫ್ರಿಕಾದ ದೊಡ್ಡ ಬೆಟ್ಟವೊಂದರ ಬುಡದಲ್ಲಿ ಕಾಫಿ ಹಾಕುತ್ತೇನೆಂದು ಹೊರಟಾಗ, ಗೊತ್ತಿರುವ ಮುಖ ಒಂದಾದರೂ ಇರಲಿ ಎಂದು ಇವರನ್ನೂ ಕರೆದುಕೊಂಡು ಹೋದ. ಹೊಸದಾಗಿ ಮದುವೆಯಾಗಿದ್ದ ನಾನು ಹಿಂದೆಯೇ ಹಡಗು ಹತ್ತಿದೆ. ಇಲ್ಲೂ ಕಾಫಿ, ಅಲ್ಲೂ ಕಾಫಿ. ಹತ್ತು ವರ್ಷದಲ್ಲಿ ಅಲ್ಲಿ ನಮಗೊಂದು ಮನೆ, ನಾಲ್ಕು ಹಸು, ಬೇಲಿ ತುಂಬ ಸೀಮೆಬದನೆ ಆಯಿತು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಬರೆದು ಬರೆದು ಅಳುವವರು ಬೇಕಾದಷ್ಟು ಜನ ಇದ್ದಾರೆ.

ಆಗ ನಮ್ಮವರ ಹಳೆಯ ಸಂಗಡಿಗ, ಅದೇ ಎಸ್ಟೇಟಿನಲ್ಲಿ ಈಗ ದೊಡ್ಡ ರೈಟರಾಗಿದ್ದವರು, ಒಂದು ಕಾಗದ ಬರೆದರು. ಲೈನಿನಲ್ಲಿ ಒಬ್ಬ ಹೆಂಗಸು ಹೆಣ್ಣುಕೂಸು ಹೆತ್ತಿದ್ದಾಳೆ. ಗಂಡ ಮರಗಸಿ ಮಾಡುವಾಗ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವಾಗ, ಮೇಲಿಂದ ಬಿದ್ದು ಸತ್ತಿದ್ದಾನೆ. ಕೂಸನ್ನು ಯಾರಿಗಾದರೂ ಕೊಡುತ್ತೇನೆ ಎನ್ನುತ್ತಾಳೆ, ಆದರೆ ಸಮುದ್ರದಾಚೆಯವರಿಗೆ ಮಾತ್ರ ಕೊಡುವುದಂತೆ. 'ಈ ಷರತ್ತು ಕೇಳಿದ ಕೂಡಲೇ ನಿಮ್ಮ ನೆನಪಾಯಿತು' ಎಂದು ಬರೆದಿದ್ದರು. ಅಂಥ ಷರತ್ತನ್ನು ಯಾರು ಹಾಕುತ್ತಾರೆ, ಯಾಕೆ ಹಾಕುತ್ತಾರೆ ಎಂದು ನಾವಿಬ್ಬರೂ ಕೇಳಲಿಲ್ಲ. ನಮ್ಮ ಪುಣ್ಯ ಎಂದುಕೊಂಡೆವು.

ಡಿಸೆಂಬರಿನಲ್ಲಿ ಬಂದಿಳಿದೆವು. ಕಾಫಿ ಕುಯ್ಲು ಜೋರಾಗಿತ್ತು. ಕಣದಲ್ಲಿ ಹಣ್ಣು ಒಣಗುವ ಆ ಹುಳಿ ವಾಸನೆ ಮೂಗಿಗೆ ಬಡಿದಾಗ ಮನೆಗೆ ಬಂದೆ ಅನ್ನಿಸಿತು, ಒಂದೇ ಒಂದು ಗಳಿಗೆ. ಮಗುವಿಗೆ ಆಗ ನಾಲ್ಕು ತಿಂಗಳು. ಹಳೆಯ ಸೀರೆಯ ಜೋಲಿಯಲ್ಲಿ ಮಲಗಿದ್ದುದು ನನ್ನನ್ನು ನೋಡಿ ನಗಲೂ ಇಲ್ಲ, ಅಳಲೂ ಇಲ್ಲ, ಹುಬ್ಬು ಗಂಟಿಕ್ಕಿತು. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಕೂಸು ಎಂದು ನಮ್ಮವರು ನಕ್ಕರು.

ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳಬಹುದು ಎಂದು ಹೊಸ ಕಾನೂನು ಆಗಷ್ಟೇ ಬಂದಿತ್ತು. ಎಲ್ಲ ಸಲೀಸು ಎಂದು ತಿಳಿದು ನಮ್ಮವರು ಬೇಕಾದಲ್ಲೆಲ್ಲ ಸಹಿ ಹಾಕಿ, ಮಿಕ್ಕದ್ದನ್ನು ನಡೆಸಲು ನನಗೆ ಅಧಿಕಾರಪತ್ರ ಬರೆದುಕೊಟ್ಟು, ರಜೆ ಮುಗಿದದ್ದರಿಂದ ಜನವರಿಯಲ್ಲಿ ಹಡಗು ಹತ್ತಿದರು. ನಾನು ಏಪ್ರಿಲ್ ಮುಗಿಯುವುದರೊಳಗೆ ಅಲ್ಲಿ ಕಾಲಿಡಬೇಕು, ಇಲ್ಲವಾದರೆ ನನ್ನ ವಾಪಸಾತಿ ಪರವಾನಗಿ ರದ್ದು. ಮಗುವಿನ ಹೆಸರು ನನ್ನ ಪಾಸ್‌ಪೋರ್ಟಿಗೆ ಸೇರಬೇಕು, ಇಲ್ಲವಾದರೆ ಮಗು ಹಡಗು ಹತ್ತುವಂತಿಲ್ಲ. ಪಾಸ್‌ಪೋರ್ಟಿಗೆ ದತ್ತುಪತ್ರ ಬೇಕು. ದತ್ತುಪತ್ರಕ್ಕೆ ಜನನದ ದಾಖಲೆ ಬೇಕು. ಅದೊಂದು ನಕಲು ತರುವುದೇನು ಮಹಾ ಎಂದುಕೊಂಡು ಬಸ್ಸು ಹತ್ತಿದೆ.

ಕಚೇರಿ ಯಾವುದೆಂದು ಬರೆಯುವುದಿಲ್ಲ. ಅಲ್ಲಿಯ ಗುಮಾಸ್ತರಿಗೂ ಮೊಮ್ಮಕ್ಕಳಿದ್ದಾರು, ಓದಿ ಬೇಜಾರಾಗುವುದು ಬೇಡ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಒಂದು ವರ್ಷ ದಾಟಿತ್ತಷ್ಟೆ. ಫಾರಮ್ಮುಗಳ ತಲೆಯ ಮೇಲೆ ಹಳೆಯ ಸರ್ಕಾರದ ಹೆಸರಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಕೈಯಲ್ಲಿ ಬರೆದಿರುತ್ತಿದ್ದರು. ಕೆಲವು ಫಾರಮ್ಮಿಗೆ ಗೆರೆ ಎಳೆದರೆ ನಡೆಯುತ್ತಿತ್ತು, ಕೆಲವಕ್ಕೆ ನಡೆಯುತ್ತಿರಲಿಲ್ಲ. ಯಾವುದು ಯಾವುದೆಂದು ಗುಮಾಸ್ತರಿಗೂ ಗೊತ್ತಿರಲಿಲ್ಲ, ದೇವರಿಗೂ ಗೊತ್ತಿರಲಿಲ್ಲ.

"ಇದು ಹಳೇ ಫಾರಂ ಅಮ್ಮ. ಹೊಸದು ಬೆಂಗ್ಳೂರಿಂದ ಬರ್ಬೇಕು."

"ಯಾವಾಗ ಬರ್ತದೆ?"

"ಬಂದಾಗ ಬರ್ತದೆ."

ಮೂರನೆಯ ವಾರ ಫಾರಂ ಬಂತು. ಗುಮಾಸ್ತರು ಜನನದ ರಿಜಿಸ್ಟರ್ ತೆಗೆದು ಬೆರಳಿಟ್ಟು ಓದುತ್ತಾ ಹೋದವರು ಒಂದು ಕಡೆ ನಿಂತರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಆಮೇಲೆ ಪಕ್ಕದ ಮೇಜಿನವರನ್ನು ಕರೆದು ತೋರಿಸಿದರು. ಇಬ್ಬರೂ ನಗತೊಡಗಿದರು.

"ಅಮ್ಮ, ಮಗುವಿನ ತಾಯಿಯ ವಯಸ್ಸೆಷ್ಟು?"

"ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು."

"ಇಲ್ಲಿ ಅರವತ್ತೆರಡು ಅಂತ ಇದೆ."

ಹೆಸರು ಓದಿದರು. ಅದು ಆ ಲೈನಿನ ಸೂಲಗಿತ್ತಿ ಅಜ್ಜಿಯ ಹೆಸರು. ಬಾಯಲ್ಲಿ ನಾಲ್ಕು ಹಲ್ಲಿರುವ, ತಲೆಯೆಲ್ಲ ನೆರೆತ, ಲೈನಿನ ಅರ್ಧ ಮಕ್ಕಳ ಹೊಕ್ಕುಳಬಳ್ಳಿ ಕುಯ್ದ ಅಜ್ಜಿ. ಸರ್ಕಾರದ ಪುಸ್ತಕದ ಪ್ರಕಾರ ಹೋದ ಆಗಸ್ಟಿನಲ್ಲಿ ಅವಳೇ ಹೆಣ್ಣು ಹೆತ್ತಿದ್ದಳು.

ಆ ಮಧ್ಯಾಹ್ನ ನೆಟ್ಟಗೆ ಎಸ್ಟೇಟಿಗೆ ಹೋಗಿ ರೈಟರ ಮೇಜಿನ ಮುಂದೆ ನಿಂತೆ. ಲೈನಿನಲ್ಲಿ ಹುಟ್ಟುವ ಮಕ್ಕಳ ವಿವರ ಬರೆದು ಪಟೇಲರಿಗೆ ಕಳಿಸುವುದು ಅವರದೇ ಕೆಲಸ. ಅವರ ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತದೆ, ಅದರಲ್ಲಿ ಎರಡು ಮಾತಿಲ್ಲ.

"ಎಂತ ಮಾಡೋದು ಅತ್ತಿಗೆ," ಎಂದರು. "ನಾನು ಲೈನಿಗೆ ಹೋಗಿ ಕೇಳಿದೆ, ಈ ಮಗು ಯಾರದ್ದು ಅಂತ. ಇಪ್ಪತ್ತು ಮನೆಯವರೂ ಅಜ್ಜೀದು ಅಂದ್ರು. ಆ ಹೆಂಗಸನ್ನೇ ಕೇಳಿದೆ, ಅವಳೂ ಅಜ್ಜೀದು ಅಂದ್ಳು. ಅಜ್ಜಿ ನಂದೇ ಅಂದ್ಳು. ನಾನು ಕಣ್ಣಲ್ಲಿ ಕಂಡದ್ದು ಬರೆಯೋದಾ, ಅವರು ಹೇಳಿದ್ದು ಬರೆಯೋದಾ? ಹೇಳಿದ್ದು ಬರೀಬೇಕು ಅಂತ ರೂಲು."

"ವಯಸ್ಸಾದ್ರೂ ನೋಡಬಾರ್ದಾ?"

"ವಯಸ್ಸೂ ಅವರು ಹೇಳಿದ್ದೇ."

ಕಾಲು ನೆಲಕ್ಕೆ ಬಡಿಯುತ್ತಾ ಅಲ್ಲಿಂದ ಲೈನಿಗೆ ನಡೆದೆ.

ಲೈನಿನ ಕೊನೆಯ ಮನೆಯಲ್ಲಿ ಆ ಹೆಂಗಸು ಕುಯ್ಲಿನಿಂದ ಬಂದು ಕಾಲು ತೊಳೆಯುತ್ತಿದ್ದಳು. ಅವಳದು ಹುಣಸೂರಿನ ಕಡೆ. ಅಲ್ಲಿಂದ ಕೆಲಸಕ್ಕೆಂದು ಬಂದು ಲೈನಿನಲ್ಲೇ ಉಳಿದವಳು. ಮಾತು ಕಡಿಮೆ. ಅವತ್ತು ಮಾತ್ರ ಕೂತು ಹೇಳಿದಳು. ಇದಕ್ಕಿಂತ ಮೊದಲು ಮೂರು ಹೆತ್ತಿದ್ದಳು. ಮೂರೂ ಉಳಿಯಲಿಲ್ಲ; ಒಂದೂ ವರ್ಷ ಕಾಣಲಿಲ್ಲ. ನಾಲ್ಕನೆಯದು ಹುಟ್ಟಿದ ಹನ್ನೊಂದನೆಯ ದಿನ ಲೈನಿನವರು ಸೇರಿ, ಮಗುವನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸಿದರು. ತಾಯಿ ತಿರುಗಿ ನೋಡದೆ ಬಂದಳು. ಸೂಲಗಿತ್ತಿ ಅಜ್ಜಿ ಹೋಗಿ, ಅಯ್ಯೋ ಯಾರೋ ಕೂಸು ಬಿಸಾಕಿ ಹೋಗವ್ರೆ ಎಂದು ಎತ್ತಿಕೊಂಡು ಬಂದು ಒಂದು ಸೇರು ತೌಡನ್ನು ತಾಯಿಯ ಮಡಿಲಿಗೆ ಹಾಕಿದಳು. ಅಲ್ಲಿಗೆ ಕೂಸು ಅಜ್ಜಿಯದಾಯಿತು. ಹೆತ್ತವಳು ಹಾಲೂಡಿಸುವ ದಾದಿ, ಅಷ್ಟೇ. ಇವಳ ಮಕ್ಕಳನ್ನು ಕೊಂಡೊಯ್ಯುವ ಮೃತ್ಯು ಬಂದು ನೋಡಿದರೆ, ಇವಳಿಗೆ ಮಕ್ಕಳೇ ಇಲ್ಲ.

ಇಂಥದ್ದು ನನಗೆ ಗೊತ್ತಿರದ ಸಂಗತಿಯಲ್ಲ. ಶಿರಂಗಾಲದಲ್ಲೂ ತೌಡಿಗೆ ಮಾರಿದ ಮಕ್ಕಳಿದ್ದರು. ನನ್ನ ಜೊತೆ ಕುಂಟೆಬಿಲ್ಲೆ ಆಡಿದವಳೊಬ್ಬಳು ಹಾಗೆ ಉಳಿದವಳೇ. ಆದರೆ ಅವರೆಲ್ಲ ಮೂರು ವರ್ಷ ತುಂಬಿದ ಮೇಲೆ ಅದನ್ನು ಮರೆತುಬಿಡುತ್ತಿದ್ದರು. ಸರ್ಕಾರದ ರಿಜಿಸ್ಟರಿನವರೆಗೆ ಯಾರೂ ಒಯ್ದಿರಲಿಲ್ಲ.

"ಅದು ನಿಮ್ಮ ನಿಮ್ಮೊಳಗೆ ಇರಲಿ. ಕಚೇರಿಗೆ ಬಂದು ಸಾಹೇಬರ ಮುಂದೆ ಒಂದೇ ಒಂದು ಮಾತು ಹೇಳು, ಈ ಮಗು ನನ್ನದು ಅಂತ. ಮುಗೀತು," ಎಂದೆ.

ಅವಳು ಕೈಯಲ್ಲೇ ಉಳಿದಿದ್ದ ಚೊಂಬನ್ನು ಕೆಳಗಿಟ್ಟಳು. "ಆ ಮಾತೊಂದ್ ಕೇಳ್ಬ್ಯಾಡಿ ಅವ್ವಾರೆ. ನಾ ಹೇಳಾಕಿಲ್ಲ."

ಅಲ್ಲಿಂದ ಶುರುವಾಯಿತು ನನ್ನ ವನವಾಸ. ಬೆಟ್ಟದ ಹಾಗೆ ಕೂತ ಇಬ್ಬರು ಹೆಂಗಸರು ಒಂದು ಕಡೆ, ಕಚೇರಿ ಇನ್ನೊಂದು ಕಡೆ. ಗುಮಾಸ್ತರು ಕೆಟ್ಟವರಲ್ಲ. ತಿದ್ದುಪಡಿಗೆ ದಾರಿಯಿದೆ, ಅಜ್ಜಿ ಬಂದು ತನ್ನದಲ್ಲ ಎನ್ನಬೇಕು, ತಾಯಿ ಬಂದು ತನ್ನದು ಎನ್ನಬೇಕು, ಇಬ್ಬರ ಹೆಬ್ಬೆಟ್ಟು ಬೇಕು ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಕೊಡಲು ಸಿದ್ಧನಿದ್ದ, ದೇವರುಗಳೇ ಮೊಂಡು ಹಿಡಿದಿದ್ದವು.

ನಾನಿದ್ದದ್ದು ಸಿದ್ದಾಪುರದ ಒಂದು ಚಹಾದಂಗಡಿಯ ಹಿಂದಿನ ಕೋಣೆಯಲ್ಲಿ. ಅಂಗಡಿ ನಡೆಸುತ್ತಿದ್ದವಳು ಮಲೆಯಾಳಿ ವಿಧವೆ, ನನಗಿಂತ ದೊಡ್ಡವಳು. ಶಿರಂಗಾಲಕ್ಕೆ ಹೋಗಿರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋಗಿದ್ದೆ. ಲೈನಿನ ಕೂಸಂತೆ, ಯಾವ ಕುಲವೋ ಏನೋ ಎಂದು ನಮ್ಮ ದೊಡ್ಡಪ್ಪನ ಮನೆಯವರು ಒಳಗಿನ ಕೋಣೆಯಲ್ಲಿ ಪಿಸುಗುಟ್ಟಿದ್ದು ನನಗೆ ನಡುಮನೆಗೇ ಕೇಳಿಸಿತು. ಮಾರನೆಯ ದಿನವೇ ಹೊರಟು ಬಂದೆ.

ಫೆಬ್ರವರಿಯಲ್ಲಿ ಮಗುವನ್ನು ಹಗಲು ಹೊತ್ತು ನನ್ನ ಕೋಣೆಯಲ್ಲಿ ಇಟ್ಟುಕೊಳ್ಳಲು ಶುರು ಮಾಡಿದೆ. ಹಸುವಿನ ಹಾಲು ರೂಢಿಯಾಗಲಿ ಎಂದು. ಬೆಳಿಗ್ಗೆ ಅಜ್ಜಿ ತಂದುಬಿಡುತ್ತಿದ್ದಳು, ಸಂಜೆ ಬಂದು ಒಯ್ಯುತ್ತಿದ್ದಳು. ಹೆತ್ತವಳು ತರುತ್ತಿರಲಿಲ್ಲ. ಆ ಹಾಲಿನ ಕಥೆಯನ್ನು ಹೇಳಿದರೆ ಒಂದು ಪುಸ್ತಕ. ಒಬ್ಬರು ಎಮ್ಮೆ ಹಾಲು ಬೇಡ ಎಂದರು, ಒಬ್ಬರು ಹಸುವಿನ ಹಾಲಿಗೆ ನೀರು ಹಾಕು ಎಂದರು, ಒಬ್ಬರು ನೀರು ಹಾಕಬೇಡ, ಬಜೆ ತೇಯ್ದು ಹಾಕು ಎಂದರು. ಟಾಂಗನೀಕಾದ ನನ್ನ ಹಟ್ಟಿಯಲ್ಲಿ ನಾಲ್ಕು ಹಸು ಕರೆಯುತ್ತಿರುವಾಗ ಇಲ್ಲಿ ಅರ್ಧ ಸೇರು ಹಾಲಿಗೆ ಪಾತ್ರೆ ಹಿಡಿದು ನಿಲ್ಲುತ್ತಿದ್ದೆ. ಬಟ್ಟೆ ಒಗೆದರೆ ಚಹಾದಂಗಡಿಯ ಹೊಗೆ ಹಿಡಿಯುತ್ತಿತ್ತು. ಮಗುವಿನ ಮೈಯೆಲ್ಲ ಬೋಂಡದ ವಾಸನೆ. ಮನೆಯೊಡತಿ ಮಗುವಿನ ಮೂಗು ಎಳೆದು ನೀಟ ಮಾಡುತ್ತಾ, "ಎಂದಾ ಮೋಳೇ, ಇನ್ನೂ ಕಾಗದ ಆಗಿಲ್ವಾ?" ಎಂದು ನನ್ನನ್ನೂ ಮಗಳೇ ಎಂದು ಕರೆದು ದಿನವೂ ಕೇಳುತ್ತಿದ್ದಳು. ಪ್ರೀತಿಯಿಂದಲೇ ಕೇಳುತ್ತಿದ್ದಳು. ಆದರೂ ಕೆಲವು ದಿನ ಬಾಗಿಲು ದಡಾರೆಂದು ಹಾಕಿಕೊಳ್ಳುತ್ತಿದ್ದೆ.

ಎಲ್ಲಕ್ಕಿಂತ ನನ್ನನ್ನು ರೇಗಿಸಿದ ಪ್ರಶ್ನೆ ಒಂದೇ. ಮಗುವನ್ನು ಎತ್ತಿಕೊಂಡು ಬೀದಿಗೆ ಬಂದರೆ ಸಾಕು, ಸಂತೆಯಲ್ಲಿ, ಬಸ್ಸಿನಲ್ಲಿ, ಔಷಧಿ ಅಂಗಡಿಯಲ್ಲಿ, ಕಂಡವರೆಲ್ಲ ನನ್ನ ಸ್ವೆಟರು, ಬೂಟು ನೋಡಿ, ಆಮೇಲೆ ಮಗುವಿನ ಕರಿಮಣಿ, ಎಣ್ಣೆ ಹಚ್ಚಿದ ತಲೆ ನೋಡಿ, "ಮಗು ನಿಮ್ದಾ?" ಎನ್ನುತ್ತಿದ್ದರು. ನಾನು ಗಟ್ಟಿಯಾಗಿ, "ಹೌದು, ನನ್ನದೇ!" ಎನ್ನುತ್ತಿದ್ದೆ. ಒಂದು ದಿನ ಸಂತೆಯಲ್ಲಿ ಹಾಗೆಂದಾಗ ಪಕ್ಕದಲ್ಲಿದ್ದ ಅಜ್ಜಿ ನನ್ನ ತೋಳಿಗೆ ಫಟೀರೆಂದು ಬಾರಿಸಿದಳು.

"ಬಾಯ್ ಮುಚ್ಚವ್ವ. ಊರೆಲ್ಲಾ ಕೇಳಂಗೆ ಕೂಗ್ತಾಳೆ."

"ನನ್ನದಲ್ಲದೆ ಇನ್ಯಾರದ್ದು?"

"ನಂದು," ಎಂದಳು ಅಜ್ಜಿ, ನಾಲ್ಕು ಹಲ್ಲು ತೋರಿಸಿ.

ಅವಳಿಗೆ ಇದೆಲ್ಲ ತಮಾಷೆ. ಅರವತ್ತೆರಡಕ್ಕೆ ಹೆತ್ತವಳು ಎಂದು ರೈಟರು ಚುಡಾಯಿಸಿದರೆ, "ನಿಮ್ಮೆಂಡ್ರಿಗೂ ಹೇಳ್ಕೊಡ್ತೀನಿ ಬನ್ನಿ" ಎನ್ನುತ್ತಿದ್ದಳು. ಆದರೆ ಕಚೇರಿಗೆ ಬಂದು ತನ್ನದಲ್ಲ ಎಂದು ಹೇಳು ಎಂದರೆ ಮುಖ ಬಿಗಿಯುತ್ತಿದ್ದಳು. ತಾನು ಕೈಬಿಟ್ಟರೆ ಕೂಸು ತಿರುಗಿ ಹೆತ್ತವಳಿಗೇ ಹೋಯಿತು, ಅಲ್ಲಿಗೆ ಅದರ ಕಥೆ ಮುಗಿಯಿತು ಎಂಬ ಲೆಕ್ಕಾಚಾರ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದುಕೊಂಡು ನಾನು ಹಲ್ಲು ಕಚ್ಚಿ ದಿನ ನೂಕುತ್ತಿದ್ದೆ.

ಮಾರ್ಚಿನಲ್ಲಿ ಹೂಮಳೆ ಬಂತು. ಎಂಟು ದಿನಕ್ಕೆ ಕಾಫಿ ಹೂ ಅರಳಿ ತೋಟವೆಲ್ಲ ಬೆಳ್ಳಗಾಗಿ ವಾಸನೆ ಹಾದಿಗೆ ಬಂದು ನಿಂತಿತು. ಎಲ್ಲರೂ ಖುಷಿಯಲ್ಲಿದ್ದರು. ನನಗೆ ಮಾತ್ರ ಹೂ ನೋಡಿದರೆ ಏಪ್ರಿಲ್ ನೆನಪಾಗುತ್ತಿತ್ತು. ನಮ್ಮವರ ಕಾಗದ ಬಂದಿತ್ತು: 'ಆಗದಿದ್ದರೆ ಬಿಟ್ಟು ಬಾ. ನಮ್ಮ ಹಣೆಯಲ್ಲಿ ಇಷ್ಟೇ ಎಂದು ತಿಳಿಯೋಣ.' ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಲುಗಾಡುತ್ತಿದ್ದ ಮೇಜಿನ ಕಾಲಿನಡಿ ಇಟ್ಟೆ. ಮಗು ಅಷ್ಟು ಹೊತ್ತಿಗೆ ನನ್ನ ಹೆಜ್ಜೆ ಸದ್ದು ಗುರುತು ಹಿಡಿಯುತ್ತಿತ್ತು. ನಾನು ಕಾಣದಿದ್ದರೆ ಕುತ್ತಿಗೆ ತಿರುಗಿಸಿ ಹುಡುಕುತ್ತಿತ್ತು. ಬಿಟ್ಟು ಬಾ ಅಂತೆ.

ಹೆತ್ತವಳನ್ನು ಒಪ್ಪಿಸಲು ಮೂರು ಸಲ ಪ್ರಯತ್ನ ಮಾಡಿದೆ. ಮೊದಲ ಸಲ ಆಗಲಿ ಎಂದವಳು ಬೆಳಿಗ್ಗೆ ಬರಲೇ ಇಲ್ಲ. ಎರಡನೆಯ ಸಲ ಬಸ್ಸು ನಿಲ್ಲುವ ಜಾಗದವರೆಗೆ ಬಂದಳು. ಬಸ್ಸು ಬಂತು, ಕಂಡಕ್ಟರು ಜಾಗ ಬಿಡಿ ಎಂದು ಕೂಗಿದರು, ನಾನು ಹತ್ತಿ ತಿರುಗಿ ನೋಡಿದರೆ ಅವಳು ಸೆರಗು ಬಿಗಿದುಕೊಂಡು ಬಂದ ದಾರಿಯಲ್ಲೇ ಓಡುತ್ತಿದ್ದಳು. ಮೂರನೆಯ ಸಲ ನಾನೇ ಲೈನಿಗೆ ಹೋಗಿ ಅವಳ ಬಾಗಿಲಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬೈದೆ. ಇವತ್ತು ಅದನ್ನು ನೆನೆದರೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನಿನ್ನ ಮೂಢನಂಬಿಕೆಗೆ ಮಗುವಿನ ಬಾಳು ಹಾಳು ಮಾಡ್ತಿದ್ದೀಯ, ಸತ್ತ ಮೂರು ಮಕ್ಕಳಿಗೆ ಡಾಕ್ಟರು ಸಿಕ್ಕಿದ್ದರೆ ಅವೂ ಬದುಕುತ್ತಿದ್ದವು, ಇದೆಲ್ಲ ಸುಳ್ಳು, ಇದನ್ನು ನಂಬುವುದು ಬಿಡು ಎಂದೆ. ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ಬಂದು ನಿಂತರು.

ಅವಳು ತಲೆ ತಗ್ಗಿಸಿ ಎಲ್ಲ ಕೇಳಿದಳು. ಆಮೇಲೆ ಮೆಲ್ಲಗೆ ಹೇಳಿದಳು:

"ನಾ ನಂಬದೆ ಇದ್ದಿದ್ರೆ ನಿಮಗ್ಯಾಕೆ ಕೊಡ್ತಿದ್ದೆ ಅವ್ವಾರೆ?"

ಅವಳು ತಲೆ ಎತ್ತಿ ಮುಂದುವರಿಸಿದಳು.

"ಕೂಲಿ ಮಾಡಿ ಸಾಕಕಾಯ್ತಿರ್ನಿಲ್ವಾ? ಲೈನ್ನಾಗೆ ಎಲ್ರೂ ಸಾಕ್ತಾವ್ರೆ. ಇಲ್ಲಿದ್ರೆ ಒಂದಲ್ಲ ಒಂದ್ ದಿನ ನಾ ಬಾಯ್ತಪ್ಪಿ ಮಗಾ ಅಂದ್ಬುಡ್ತೀನಿ. ಕೂಸ್ಗಳ್ನ ಒಯ್ಯಾ ಅದ್ಕೇ ಕೇಳಿಸ್ಬುಟ್ರೆ? ಅದ್ಕೆ ಸಮುದ್ರದಾಚ್ಗೆ ಹೋಗ್ಲಿ ಅಂದೆ. ಅಲ್ಲೀಗಂಟ ಅದು ಬರಾಕಿಲ್ವಂತೆ."

ಹನ್ನೆರಡು ವಾರದಿಂದ ಅಟ್ಟಿಸಿಕೊಂಡು ಓಡಾಡಿದ ನನಗೆ ಇದೊಂದು ಹೊಳೆದಿರಲಿಲ್ಲ. ಯಾವ ನಂಬಿಕೆ ಕಚೇರಿಯಲ್ಲಿ ನನ್ನ ಕಾಲಿಗೆ ಅಡ್ಡ ಬಂದಿತ್ತೋ ಅದೇ ನಂಬಿಕೆ ಈ ಮಗುವನ್ನು ನನ್ನ ಮಡಿಲಿಗೆ ತಂದಿತ್ತು. ಅದನ್ನು ಬಿಡು ಎಂದು ನಾನು ಅವಳಿಗೆ ಬುದ್ಧಿ ಹೇಳಿ, ಅವಳು ನಿಜವಾಗಿಯೂ ಬಿಟ್ಟಿದ್ದರೆ, ಮಗು ಅವಳ ಬಳಿಯೇ ಉಳಿಯುತ್ತಿತ್ತು. ಆ ಬಾಗಿಲಲ್ಲೇ ಕೂತೆ. ಯಾರೋ ಒಂದು ಲೋಟ ಬೆಲ್ಲದ ಕಾಫಿ ತಂದುಕೊಟ್ಟರು. ಅದನ್ನು ಕುಡಿದೆ.

ದಾರಿ ತೋರಿಸಿದವಳು ಅಜ್ಜಿ. ಎಲೆಯಡಿಕೆ ಜಗಿಯುತ್ತಾ ಕೂತಿದ್ದವಳು ಉಗುಳಿ ಬಂದು ಹೇಳಿದಳು: "ನಂತಾವ ನೀ ಕೊಂಡ್ಕೊ."

"ಏನು?"

"ಕೂಸು ನಂದು ತಾನೆ? ನಂಗೊಂದ್ ಸೇರ್ ತೌಡು ಕೊಟ್ಟು ತಕ್ಕೊ. ಆಗ ಅದು ನಿಂದಾಯ್ತದೆ. ನಾ ಕಚೇರೀಗೆ ಬಂದು ನಂದಲ್ಲ ಅಂದ್ರೆ ಅದು ದಿಟ. ಇವ್ಳು ನಂದು ಅಂದ್ರೆ ಅದು ಸುಳ್ಳು. ಕಚೇರೀಲಿ ಸುಳ್ಳು ಹೇಳಿದ್ರೆ ಯಾರ್ ಸಾಯ್ತಾರೆ? ಅಲ್ಲಿ ಎಲ್ರೂ ಹೇಳಾದೇ ಅದು."

ಲೈನಿಗೆ ಲೈನೇ ನಕ್ಕಿತು. ಆ ಹೆಂಗಸು ನಗಲಿಲ್ಲ. ಅಜ್ಜಿಯ ಮುಖವನ್ನೇ ನೋಡುತ್ತಾ ಯೋಚಿಸಿದಳು. ಆಮೇಲೆ, "ಸುಳ್ಳಾದ್ರೆ ಹೇಳ್ಬೋದು" ಎಂದಳು.

ನಿಜ ಹೇಳಬೇಕೆಂದರೆ ಈ ಮಾತನ್ನು ಅಜ್ಜಿ ಎರಡು ತಿಂಗಳ ಹಿಂದೆಯೂ ಒಮ್ಮೆ ಎತ್ತಿದ್ದಳು. ತೌಡು ತಗೊಂಡ್ ಬಾ, ಎಲ್ಲ ಸರಿ ಮಾಡ್ತೀನಿ ಎಂದಿದ್ದಳು. ಆಗ ನಾನು ಪೂರ್ತಿ ಕೇಳಲೇ ಇಲ್ಲ. ಕಾನೂನಿನ ಪ್ರಕಾರ ದತ್ತು ತೆಗೆದುಕೊಳ್ಳಲು ಬಂದವಳು ನಾನು, ದನದ ಮುಸುರೆಗೆ ಹಾಕುವ ತೌಡು ಕೊಟ್ಟು ಮಗು ಕೊಳ್ಳುವುದೇ ಎಂದು ಗದರಿಸಿ ಕಳಿಸಿದ್ದೆ. ಆ ಎರಡು ತಿಂಗಳು ನನ್ನದೇ ಕೊಬ್ಬಿನಿಂದ ಹೋದವು. ಬೈಯಲು ಬೇರೆ ಯಾರೂ ಸಿಗಲಿಲ್ಲ.

ಭಾನುವಾರ ಕೆಲಸವಿಲ್ಲದ ಹೊತ್ತಿಗೆ, ಬಿಸಿಲು ನೆತ್ತಿಗೇರಿದಾಗ, ಅಕ್ಕಿಮಿಲ್ಲಿನಿಂದ ತಂದ ತೌಡನ್ನು ಸೇರಿನಲ್ಲಿ ತುಂಬಿಕೊಂಡು ಲೈನಿಗೆ ಹೋದೆ. ಮಗುವನ್ನು ಮತ್ತೆ ಅದೇ ಮೊರದಲ್ಲಿಟ್ಟು ಅದೇ ತಿಪ್ಪೆಯ ಮೇಲೆ ಮಲಗಿಸಿದರು. ಈಗ ಏಳು ತಿಂಗಳ ಕೂಸು, ಮೊರದಲ್ಲಿ ನಿಲ್ಲುತ್ತದೆಯೇ? ಮಗುಚಿಕೊಂಡು ತಿಪ್ಪೆಯ ಹುಲ್ಲು ಬಾಯಿಗೆ ಹಾಕಿಕೊಂಡಿತು. ನಾನು ಓಡಿಹೋಗಿ ಎತ್ತಲು ಹೋದರೆ, "ಮೊದ್ಲು ತೌಡು, ಮೊದ್ಲು ತೌಡು!" ಎಂದು ಇಪ್ಪತ್ತು ಮನೆಯವರೂ ಕೂಗಿಕೊಂಡರು. ಅಜ್ಜಿಯ ಸೆರಗಿಗೆ ತೌಡು ಸುರಿದೆ. ಅವಳು ಮುಷ್ಟಿ ತುಂಬ ತೆಗೆದು ನೋಡಿ, ಹೊಟ್ಟು ಜಾಸ್ತಿ ಐತೆ ಎಂದು ಗೊಣಗಿ ಒಪ್ಪಿಕೊಂಡಳು. ಮಗುವನ್ನು ಎತ್ತಿಕೊಂಡು ಬಾಯಿಯ ಹುಲ್ಲು ತೆಗೆದೆ. ಹೆತ್ತವಳು ತನ್ನ ಬಾಗಿಲಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಹಾಗೆ ನಿಲ್ಲಬೇಕಂತೆ.

ಮಂಗಳವಾರ ನಾವು ಮೂವರೂ ಮಗುವಿನ ಜೊತೆ ಬಸ್ಸು ಹತ್ತಿದೆವು. ಸಾಹೇಬರು ಒಳ್ಳೆಯ ಮನುಷ್ಯ, ಆದರೆ ಅವಸರದವರು. ಅಜ್ಜಿ ಮೊದಲು ಹೋಗಿ, ನಂದಲ್ಲ ಸ್ವಾಮಿ, ನನ್ನ ವಯಸ್ ನೋಡಿ ಎಂದು ಸರಾಗವಾಗಿ ಹೇಳಿ ಹೆಬ್ಬೆಟ್ಟು ಒತ್ತಿ ಬಂದಳು. ಆಮೇಲೆ ಇವಳ ಸರದಿ. ಮಗು ನನ್ನ ಸೊಂಟದ ಮೇಲಿತ್ತು.

"ಈ ಮಗು ಯಾರದ್ದು?" ಎಂದರು ಸಾಹೇಬರು, ಕಾಗದದಿಂದ ತಲೆ ಎತ್ತದೆ.

ಅವಳು ಸೆರಗು ಬಿಗಿದುಕೊಂಡಳು. ಮುಗಿಯಿತು, ಈಗ ಓಡುತ್ತಾಳೆ ಎಂದು ನಾನು ಬಾಗಿಲ ಕಡೆಗೆ ನೋಡಿದೆ. ಅಜ್ಜಿ ಕೆಮ್ಮಿದಳು.

"ಸುಳ್ಳು ಕಣೆ," ಎಂದು ಹಿಂದಿನಿಂದ ಪಿಸುಗುಟ್ಟಿದಳು. "ಸುಳ್ಳು. ಹೇಳು."

"ನನ್ ಕೂಸು," ಎಂದಳು ಅವಳು.

ಸಾಹೇಬರು ಬರೆದುಕೊಂಡು, "ಸರಿ, ಇಲ್ಲಿ ಹೆಬ್ಬೆಟ್ಟು" ಎಂದರು. ಅವಳು ಕೈ ಮುಂದೆ ಮಾಡಲಿಲ್ಲ.

"ನನ್ ಕೂಸು ಸ್ವಾಮಿ. ನಾನೇ ಹೆತ್ತಿದ್ದು. ಬೆಳಗಿನ ಜಾವ್ದಾಗೆ ಹುಟ್ತು. ಮಳೆ ಬತ್ತಿತ್ತು. ನನ್ ಮಗಳು ಸ್ವಾಮಿ. ನನ್ ಮಗಳು."

"ಆಯ್ತಮ್ಮ, ಒಂದು ಸಲ ಹೇಳಿದ್ರೆ ಸಾಕು," ಎಂದರು ಸಾಹೇಬರು.

ಅವಳು ನಿಲ್ಲಿಸಲಿಲ್ಲ. ಮಗುವಿನ ಬಲಗಿವಿಯ ಹಿಂದೆ ಮಚ್ಚೆ ಇದೆ, ನನಗೂ ಅಲ್ಲೇ ಇದೆ ಎಂದು ತಲೆ ತಿರುಗಿಸಿ ತೋರಿಸಿದಳು. ಇದರಪ್ಪನ ಹಾಗೇ ಹುಬ್ಬು ಗಂಟಿಕ್ಕುತ್ತದೆ ಎಂದಳು. ಮಗು ಆ ದನಿಗೆ ತಿರುಗಿ ಕೈ ಚಾಚಿತು. ಅವಳು ಕೈ ಚಾಚಲಿಲ್ಲ. ಗುಮಾಸ್ತರು ಅವಳ ಹೆಬ್ಬೆರಳನ್ನು ತಾವೇ ಹಿಡಿದು ಶಾಯಿಗೆ ಒತ್ತಿ ಕಾಗದಕ್ಕೆ ಒತ್ತಿಸಿದರು. ಎರಡು ತಿಂಗಳಿಂದ ಆ ಒಂದು ಮಾತಿಗಾಗಿ ಅವಳನ್ನು ಹಿಂಡಿದವಳು ನಾನು, ಈಗ ಅವಳು ನಿಲ್ಲಿಸಿದರೆ ಸಾಕು ಎಂದು ಬೇಡಿಕೊಳ್ಳುತ್ತಿದ್ದೆ.

ಹೊರಗೆ ಬಂದ ಮೇಲೆ ಸೆರಗಿನ ತುದಿಯಿಂದ ಬೆರಳಿನ ಶಾಯಿ ಒರೆಸಿಕೊಳ್ಳುತ್ತಾ, "ಸುಳ್ಳು ಸರ್ಯಾಗಿ ಹೇಳಿದ್ನಾ ಅವ್ವಾರೆ?" ಎಂದು ಕೇಳಿದಳು. ಸರಿಯಾಗಿ ಹೇಳಿದೆ ಎಂದೆ.

ಏಪ್ರಿಲ್ ನಡುವಿಗೆ ಕಾಗದಗಳೆಲ್ಲ ಕೈಗೆ ಬಂದವು. ಹೊರಡುವ ದಿನ ಚಹಾದಂಗಡಿಯೊಡತಿ ಬಂದಳು, ರೈಟರು ಬಂದರು, ಅಜ್ಜಿ ಬಂದು ಮಗುವಿನ ಹಣೆಗೆ ಬೂದಿ ಹಚ್ಚಿದಳು. ಅವಳು ಬರಲಿಲ್ಲ. ಮೈಸೂರಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ನನ್ನನ್ನೂ ಮಗುವನ್ನೂ ನೋಡಿ, ನೋಡಿ, ಕೊನೆಗೆ ಕೇಳಿಯೇಬಿಟ್ಟಳು.

"ಮಗು ನಿಮ್ದಾ?"

ನನ್ನ ಕೈಚೀಲದಲ್ಲಿ ಮೊಹರು ಹಾಕಿದ ದತ್ತುಪತ್ರ ಇತ್ತು. ಪಾಸ್‌ಪೋರ್ಟಿನಲ್ಲಿ ಹೆಸರು ಇತ್ತು. ಬಾಯಿ ತೆರೆದೆ, ಆ ಮಾತು ಬರಲಿಲ್ಲ.

"ತೌಡಿಗೆ ತಗೊಂಡದ್ದು," ಎಂದೆ.

ಅವಳು ಹೆಚ್ಚು ಕೇಳಲಿಲ್ಲ. "ಉಳೀಲಿ ಬಿಡಿ" ಎಂದು ಮಗುವಿನ ಕಡೆ ನೋಡುವುದನ್ನೂ ಬಿಟ್ಟು ಕಿಟಕಿಯಾಚೆ ನೋಡುತ್ತಾ ಕೂತಳು.

ಉಳಿಯಿತು. ಮೂರು ತುಂಬಿದಾಗ ಟಾಂಗನೀಕಾದ ನಮ್ಮ ಹತ್ತಿರದ ಪೇಟೆ ಮೋಶಿಯ ಸ್ಟುಡಿಯೋದಲ್ಲಿ ಫೋಟೋ ತೆಗೆಸಿ, ಹೆತ್ತವಳಿಗೆ ತೋರಿಸಿ ಎಂದು ರೈಟರಿಗೆ ಕಳಿಸಿದೆ. ಎರಡು ತಿಂಗಳಿಗೆ ಅವರ ಮುತ್ತಿನಂಥ ಅಕ್ಷರದಲ್ಲಿ ಉತ್ತರ ಬಂತು. ಫೋಟೋವನ್ನು ಲೈನಿಗೆ ಒಯ್ದಿದ್ದರಂತೆ. 'ನಂಗ್ಯಾಕೆ ತೋರಿಸ್ತೀರಿ, ನಂಗ್ಯಾವ ಮಕ್ಕಳವೆ, ಅಜ್ಜಿಗೆ ತೋರಿಸಿ' ಎಂದು ಅವಳು ಬೆನ್ನು ತಿರುಗಿಸಿ ಅಕ್ಕಿ ಆರಿಸುತ್ತಾ ಕೂತಳಂತೆ. ಅಜ್ಜಿ ಫೋಟೋ ಹಿಡಿದು, ಅವಳಿಗೆ ಕೇಳುವ ಹಾಗೆ ಗಟ್ಟಿಯಾಗಿ, ಕಾಲಿಗೆ ಬೂಟೈತೆ, ಎರಡು ಜಡೆ ಐತೆ, ಹುಬ್ಬು ಗಂಟಿಕ್ಕೈತೆ ಎಂದು ಒಂದೊಂದಾಗಿ ಹೇಳಿದಳಂತೆ. ಅದಿಷ್ಟೂ ಮುಗಿದ ಮೇಲೂ ಆ ಹೆಂಗಸು ಎದ್ದಿರಲಿಲ್ಲವಂತೆ. ಮೊರದಲ್ಲಿ ಇದ್ದದ್ದು ಒಂದು ಸೇರು ಅಕ್ಕಿ, ಅದನ್ನು ಆರಿಸಲು ಅವಳಿಗೆ ಆ ದಿನ ಸಂಜೆಯವರೆಗೂ ಬೇಕಾಯಿತು ಎಂದು ರೈಟರು ಬರೆದಿದ್ದರು.